ರಸ್ತೆ ಸುರಕ್ಷತೆ: ಮಂಡ್ಯ ಕಲಿಸಿದ ಪಾಠ, ವರ್ತಕ ಸಮುದಾಯದ ಹೊಣೆ

2018ರ ನವೆಂಬರ್ 24, ಶನಿವಾರ. ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಜಲಸಮಾಧಿಯಾದರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಜಿಲ್ಲೆಗೆ ಅನ್ನ ನೀಡಿದ ನಾಲೆಯೇ ಅಂದು ಮೂವತ್ತು ಮನೆಗಳ ದೀಪ ಆರಿಸಿತು. ಸುದ್ದಿ ಕೇಳಿದವರೆಲ್ಲರೂ ಮೊದಲು ವಿಚಾರಿಸಿದ್ದು ಚಾಲಕನ ತಪ್ಪನ್ನು. ಬಸ್ಸು ಹಾದಿ ತಪ್ಪಿದ ಮೇಲೆ ಅದನ್ನು ತಡೆದು ನಿಲ್ಲಿಸುವಂಥದ್ದು ನಾಲೆಯ ಅಂಚಿನಲ್ಲಿ ಏನಿತ್ತು ಎಂಬ ಪ್ರಶ್ನೆ ಎದ್ದದ್ದು ಆ ನಂತರ.

ರಸ್ತೆ ಸುರಕ್ಷತೆಯ ವಿಷಯದಲ್ಲಿ ಸಣ್ಣ ನಗರಗಳು ಎದುರಿಸುತ್ತಿರುವ ಸಮಸ್ಯೆಯ ತಿರುಳು ಈ ಎರಡನೆಯ ಪ್ರಶ್ನೆಯಲ್ಲಿಯೇ ಇದೆ. ಮನುಷ್ಯ ತಪ್ಪು ಮಾಡುತ್ತಾನೆ. ಆ ತಪ್ಪಿಗೆ ಪ್ರಾಣವನ್ನೇ ಬೆಲೆಯಾಗಿ ತೆರಬೇಕೆ ಎಂಬುದನ್ನು ನಿರ್ಧರಿಸುವುದು ರಸ್ತೆ, ವೇಗ ಮತ್ತು ವಾಹನಗಳ ವ್ಯವಸ್ಥೆ. ಈ ಮಾತಿಗೆ ಕಳೆದ ಕೆಲವು ವರ್ಷಗಳಲ್ಲಿ ಮಂಡ್ಯಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ರಾಜ್ಯದಲ್ಲಿ ದೊರೆಯುವುದು ಕಷ್ಟ. ಸಾವು ಹೇಗೆ ಏರಿತು ಎಂಬುದನ್ನೂ ಅದನ್ನು ಹೇಗೆ ಇಳಿಸಬಹುದು ಎಂಬುದನ್ನೂ ಈ ಊರು ಕಂಡಿದೆ. ಇನ್ನೂ ಇಳಿಯದೆ ಉಳಿದಿರುವ ಅಪಾಯಗಳೂ ಇಲ್ಲಿವೆ. ವಾಣಿಜ್ಯೋದ್ಯಮಿಗಳು ಈ ಮೂರನ್ನೂ ತಾಳೆ ಹಾಕಿ ನೋಡುವುದು ಅಗತ್ಯ.

ಏರುಮುಖದ ಅಂಕಿಗಳು

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿಗಳ ಪ್ರಕಾರ ದೇಶದಲ್ಲಿ 2021ರಲ್ಲಿ 1,53,972 ಮಂದಿ, 2022ರಲ್ಲಿ 1,68,491 ಮಂದಿ ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು. 2023ರಲ್ಲಿ ಈ ಸಂಖ್ಯೆ 1.72 ಲಕ್ಷವನ್ನು ದಾಟಿತು. ಕರ್ನಾಟಕದ ಪಾಲು ಸಣ್ಣದಲ್ಲ. ರಾಜ್ಯದಲ್ಲಿ 2021ರಲ್ಲಿ 10,038 ಇದ್ದ ಸಾವಿನ ಸಂಖ್ಯೆ 2022ರಲ್ಲಿ 11,702ಕ್ಕೆ, 2023ರಲ್ಲಿ 12,321ಕ್ಕೆ ಏರಿತು. ದಿನವೊಂದಕ್ಕೆ ಸರಾಸರಿ 33ಕ್ಕೂ ಹೆಚ್ಚು ಜೀವಗಳು ಎಂದು ಇದರ ಅರ್ಥ.

ಸತ್ತವರು ಯಾರು ಎಂಬುದನ್ನು ಗಮನಿಸಿದರೆ ಚಿತ್ರ ಇನ್ನಷ್ಟು ನಿಚ್ಚಳವಾಗುತ್ತದೆ. 2022ರ ವರದಿಯಂತೆ ಮೃತರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು, ಶೇ. 19.5ರಷ್ಟು ಮಂದಿ ಪಾದಚಾರಿಗಳು. ಇವೆರಡು ವರ್ಗಗಳೇ ಸೇರಿ ಮೂರರಲ್ಲಿ ಎರಡು ಪಾಲಿನ ಸಮೀಪಕ್ಕೆ ಬರುತ್ತವೆ. ವಯಸ್ಸಿನ ಲೆಕ್ಕದಲ್ಲಿ 18ರಿಂದ 45 ವರ್ಷದೊಳಗಿನವರು ಶೇ. 66.5. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆ 50,029. ಸಣ್ಣ ನಗರದ ದಿನನಿತ್ಯದ ಓಡಾಟ ಬಹುಮಟ್ಟಿಗೆ ಸ್ಕೂಟರು, ಬೈಕು ಮತ್ತು ಕಾಲ್ನಡಿಗೆಯಿಂದ ನಡೆಯುವುದು ಎಂಬುದನ್ನು ನೆನೆದರೆ ಈ ಅಂಕಿಗಳು ಯಾರ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತವೆ ಎಂಬುದು ತಿಳಿಯುತ್ತದೆ. ಅಂಗಡಿಯ ಗುಮಾಸ್ತ, ಕಾರ್ಖಾನೆಯ ಪಾಳಿ ಕೆಲಸಗಾರ, ಸರಕು ತಲುಪಿಸುವ ಹುಡುಗ, ಮಾರುಕಟ್ಟೆಗೆ ಬಂದ ರೈತ ಇವರೆಲ್ಲರೂ ಇದೇ ವರ್ಗಕ್ಕೆ ಸೇರಿದವರು.

ರಾಷ್ಟ್ರೀಯ ಹೆದ್ದಾರಿಗಳು ದೇಶದ ಒಟ್ಟು ರಸ್ತೆ ಉದ್ದದಲ್ಲಿ ಶೇ. 2ರ ಆಸುಪಾಸಿನಲ್ಲಿವೆ. ಆದರೆ 2022ರ ಸಾವುಗಳಲ್ಲಿ ಶೇ. 36ರಷ್ಟು ಸಂಭವಿಸಿದ್ದು ಇವುಗಳ ಮೇಲೆಯೇ. ಆದಕಾರಣ ಹೆದ್ದಾರಿ ಪಕ್ಕದ ಸಣ್ಣ ನಗರಗಳಿಗೆ ಎರಡು ಬಗೆಯ ಅಪಾಯ ಎದುರಾಗುತ್ತದೆ. ಒಂದು, ಊರೊಳಗಿನ ಇಕ್ಕಟ್ಟಿನದು. ಇನ್ನೊಂದು, ಊರ ಪಕ್ಕದಲ್ಲೇ ಹಾದುಹೋಗುವ ವೇಗದ್ದು.

ಹೆದ್ದಾರಿ ಬಂತು, ಸಾವೂ ಬಂತು

2011ರ ಜನಗಣತಿಯಲ್ಲಿ ಸುಮಾರು 1.37 ಲಕ್ಷ ಜನಸಂಖ್ಯೆಯಿದ್ದ ಮಂಡ್ಯ ನಗರವು ಬೆಂಗಳೂರು–ಮೈಸೂರು ರಸ್ತೆಯ ಆಸರೆಯಲ್ಲೇ ಬೆಳೆದ ಊರು. ಕಬ್ಬು, ಬೆಲ್ಲ, ಸಕ್ಕರೆ ಮತ್ತು ಭತ್ತದ ವ್ಯಾಪಾರ ಈ ರಸ್ತೆಯನ್ನೇ ನೆಚ್ಚಿಕೊಂಡಿತ್ತು. 2000ರ ದಶಕದಲ್ಲಿ ಈ ರಸ್ತೆ ನಾಲ್ಕು ಪಥಗಳಾಯಿತು. ಆಗಲೂ ಅದು ಊರಿನ ನಡುವೆಯೇ ಹಾದುಹೋಗುತ್ತಿತ್ತು. ದೂರ ಪ್ರಯಾಣದ ಬಸ್ಸು, ಪ್ರವಾಸಿಗರ ಕಾರು, ಪೇಟೆಗೆ ಬಂದ ಎತ್ತಿನ ಗಾಡಿ ಎಲ್ಲವೂ ಒಂದೇ ಹಾದಿಯಲ್ಲಿ ಸಾಗುತ್ತಿದ್ದವು.

ರಾಷ್ಟ್ರೀಯ ಹೆದ್ದಾರಿ 275ರ ಭಾಗವಾದ ಹೊಸ ಬೆಂಗಳೂರು–ಮೈಸೂರು ಮಾರ್ಗವನ್ನು 2023ರ ಮಾರ್ಚ್ 12ರಂದು ಪ್ರಧಾನಮಂತ್ರಿಗಳು ಮಂಡ್ಯ ಜಿಲ್ಲೆಯಲ್ಲೇ ಉದ್ಘಾಟಿಸಿದರು. ಸುಮಾರು 118 ಕಿಲೋಮೀಟರ್ ಉದ್ದದ, ಸುಮಾರು 8,480 ಕೋಟಿ ರೂಪಾಯಿ ವೆಚ್ಚದ ಯೋಜನೆಯಿದು. ಮಧ್ಯದಲ್ಲಿ ಆರು ಪಥ, ಇಕ್ಕೆಲಗಳಲ್ಲಿ ಸರ್ವಿಸ್ ರಸ್ತೆ, ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ ಮತ್ತು ಶ್ರೀರಂಗಪಟ್ಟಣಗಳಿಗೆ ಬೈಪಾಸ್. ಮೂರು ಗಂಟೆಯ ಪ್ರಯಾಣ ಒಂದೂಕಾಲು ಗಂಟೆಗೆ ಇಳಿಯುವುದೆಂದು ಸಾರಲಾಯಿತು.

ವೇಗ ಬಂದಷ್ಟೇ ಬೇಗ ಸಾವುಗಳೂ ಬಂದವು. ಅಗಲವಾದ, ಅಡೆತಡೆಯಿಲ್ಲದ ಮುಖ್ಯ ಪಥದಲ್ಲಿ ಕಾರುಗಳು ಮಿತಿಮೀರಿ ಓಡತೊಡಗಿದವು. ಅದೇ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳೂ ಸಂಚರಿಸುತ್ತಿದ್ದವು. ಹಳ್ಳಿಯ ಜನ ಹೊಲದಿಂದ ಹೊಲಕ್ಕೆ ಹೋಗಲು ಬೇಲಿ ದಾಟುತ್ತಿದ್ದರು. ಪೊಲೀಸ್ ಇಲಾಖೆ ಪ್ರಕಟಿಸಿದ ಲೆಕ್ಕದಂತೆ ಈ ಹೆದ್ದಾರಿಯಲ್ಲಿ 2023ರ ಮೇ ತಿಂಗಳೊಂದರಲ್ಲೇ 29 ಮಂದಿ, ಜೂನ್‌ನಲ್ಲಿ 28 ಮಂದಿ ಮೃತಪಟ್ಟರು.

ಒಂದು ತಿಂಗಳಲ್ಲಿ ಆದ ಬದಲಾವಣೆ

ನಂತರ ನಡೆದದ್ದು ಗಮನಾರ್ಹ. ಅಂದು ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರಾಗಿದ್ದ ಅಲೋಕ್ ಕುಮಾರ್ ಅವರು ಹೆದ್ದಾರಿಯನ್ನು ಖುದ್ದಾಗಿ ಪರಿಶೀಲಿಸಿದರು. ವೇಗ ಅಳೆಯುವ ಉಪಕರಣಗಳುಳ್ಳ ಗಸ್ತು ವಾಹನಗಳನ್ನು ನಿಯೋಜಿಸಿ, ಗಂಟೆಗೆ 100 ಕಿಲೋಮೀಟರ್ ಮಿತಿಯನ್ನು ಮೀರಿದ ಕಾರುಗಳಿಗೆ ದಂಡ ವಿಧಿಸಲಾಯಿತು. ಅದೇ ಜುಲೈ ತಿಂಗಳಲ್ಲಿ ಸಾವಿನ ಸಂಖ್ಯೆ 8ಕ್ಕೆ ಇಳಿಯಿತು. ಆಗಸ್ಟ್ 1ರಿಂದ ಹೆದ್ದಾರಿ ಪ್ರಾಧಿಕಾರವು ಬೈಕು, ಆಟೊ, ಟ್ರ್ಯಾಕ್ಟರ್ ಹಾಗೂ ಎತ್ತಿನ ಗಾಡಿಗಳಂತಹ ಯಂತ್ರರಹಿತ ವಾಹನಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು ಸರ್ವಿಸ್ ರಸ್ತೆಗೆ ಕಳುಹಿಸಿತು. 2024ರಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳು ಕೆಲಸಕ್ಕೆ ಬಂದವು. ಆ ವರ್ಷದ ಆಗಸ್ಟ್‌ನಿಂದ ರಾಜ್ಯದಾದ್ಯಂತ 130 ಕಿಲೋಮೀಟರ್ ವೇಗ ಮೀರಿದವರ ಮೇಲೆ ಬರಿಯ ದಂಡವಲ್ಲದೆ ಮೊಕದ್ದಮೆಯನ್ನೇ ದಾಖಲಿಸುವ ಕ್ರಮವೂ ಜಾರಿಗೆ ಬಂತು. ಪೊಲೀಸ್ ಲೆಕ್ಕದಲ್ಲಿ 2023ರಲ್ಲಿ 188 ಇದ್ದ ಈ ಮಾರ್ಗದ ಸಾವು 2024ರಲ್ಲಿ 50ಕ್ಕೆ ಇಳಿಯಿತು.

ಈ ಅವಧಿಯಲ್ಲಿ ಚಾಲಕರ ಸ್ವಭಾವ ಬದಲಾಗಿರಲಿಲ್ಲ. ರಸ್ತೆಯೂ ಅದೇ, ವಾಹನಗಳೂ ಅವೇ. ಬದಲಾದದ್ದು ಎರಡು. ಸಿಕ್ಕಿಬೀಳುವುದು ಖಚಿತ ಎಂಬ ಅರಿವು ವೇಗವನ್ನು ತಗ್ಗಿಸಿತು. ಭಿನ್ನ ವೇಗದ ವಾಹನಗಳು ಬೇರೆ ಬೇರೆ ದಾರಿ ಹಿಡಿದವು. ಅದರಲ್ಲೂ ಜುಲೈ ತಿಂಗಳ ಇಳಿಕೆ ಕಂಡುಬಂದದ್ದು ಬೈಕುಗಳ ನಿಷೇಧಕ್ಕೂ ಮೊದಲು. ವೇಗ ನಿಯಂತ್ರಣವೊಂದೇ ಎಷ್ಟು ಜೀವ ಉಳಿಸಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಆದರೆ ಈ ಲೆಕ್ಕವನ್ನು ಅಪ್ಪಟ ಲಾಭವೆಂದು ಬರೆದುಕೊಳ್ಳುವ ಮುನ್ನ ಒಂದು ಎಚ್ಚರ ಬೇಕು. ಮುಖ್ಯ ಪಥದಿಂದ ಹೊರಬಿದ್ದ ಬೈಕು, ಆಟೊ ಮತ್ತು ಟ್ರ್ಯಾಕ್ಟರುಗಳು ರಸ್ತೆಯನ್ನೇ ಬಿಟ್ಟು ಹೋಗಲಿಲ್ಲ. ಸರ್ವಿಸ್ ರಸ್ತೆಗೂ ಊರೊಳಗಿನ ಹಳೆಯ ರಸ್ತೆಗೂ ಸರಿದವು. ಸರ್ವಿಸ್ ರಸ್ತೆ ಎಲ್ಲೆಡೆ ಅಖಂಡವಾಗಿಲ್ಲ, ದಾಟಲು ಸಾಕಷ್ಟು ಮೇಲ್ಸೇತುವೆಗಳಿಲ್ಲ ಎಂದು ಗ್ರಾಮಸ್ಥರು 2023ರಲ್ಲೇ ದೂರಿದ್ದರು. ಒಂದು ರಸ್ತೆಯ ಅಪಾಯವನ್ನು ಪಕ್ಕದ ರಸ್ತೆಗೆ ವರ್ಗಾಯಿಸಿದರೆ ಅದು ಸುರಕ್ಷತೆಯಾಗದು. ಮುಂದಿನ ಕೆಲಸ ಆರಂಭವಾಗಬೇಕಾದುದು ಇಲ್ಲಿಂದಲೇ.

ವೇಗದ ಲಾಭ–ನಷ್ಟ

ವೇಗವಾಗಿ ಹೋದರೆ ಸಮಯ ಉಳಿಯುತ್ತದೆ, ಸಮಯವೇ ಹಣ ಎಂಬುದು ಸಾಗಾಣಿಕೆ ವ್ಯವಹಾರದಲ್ಲಿ ರೂಢಿಯ ಮಾತು. ಇದನ್ನು ಲೆಕ್ಕಕ್ಕೆ ಇಳಿಸಿ ನೋಡಬಹುದು. ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಆ ದೂರಕ್ಕೆ 60 ನಿಮಿಷ ಬೇಕು. ಮಿತಿ ಮೀರಿ 120ರಲ್ಲಿ ಓಡಿಸಿದರೆ 50 ನಿಮಿಷ. ಉಳಿತಾಯ ಹತ್ತೇ ನಿಮಿಷ. ಬೆಂಗಳೂರಿನ ಹೊರವಲಯದ ಒಂದೆರಡು ಸಿಗ್ನಲ್‌ಗಳಲ್ಲಿ ಆ ಹತ್ತು ನಿಮಿಷ ಕರಗಿಹೋಗುತ್ತದೆ.

ಖರ್ಚಿನ ಕಡೆ ಏನಿದೆ? ಅಪಾಯ ಕಂಡ ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಂಡನೆಂದು ಇಟ್ಟುಕೊಳ್ಳೋಣ. ಒಣ ರಸ್ತೆ, ಒಳ್ಳೆಯ ಟೈರು ಇದ್ದಾಗ 50 ಕಿಲೋಮೀಟರ್ ವೇಗದ ಕಾರು ನಿಲ್ಲಲು ಸುಮಾರು 28 ಮೀಟರ್ ಬೇಕು. 100 ಕಿಲೋಮೀಟರ್ ವೇಗದಲ್ಲಿ ಅದೇ ಕಾರಿಗೆ ಸುಮಾರು 84 ಮೀಟರ್ ಬೇಕಾಗುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟಾಗುತ್ತದೆ. ಮಳೆ ಬಿದ್ದರೆ, ಟೈರು ಸವೆದಿದ್ದರೆ, ಚಾಲಕನಿಗೆ ನಿದ್ದೆಗೆಟ್ಟಿದ್ದರೆ ಈ ದೂರ ಇನ್ನೂ ಹಿಗ್ಗುತ್ತದೆ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಶೇ. 4ರಷ್ಟು ಏರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಂತಹ ಬಡ್ಡಿ ದರದಲ್ಲಿ ಯಾವ ವರ್ತಕನೂ ಸಾಲ ಪಡೆಯಲಾರ.

ನಾಲೆ ಏರಿಯ ಮೇಲಿನ ರಸ್ತೆಗಳು

ಹೆದ್ದಾರಿಯಲ್ಲಿ ಕಂಡ ತ್ವರಿತ ಕ್ರಮ ನಾಲೆ ಏರಿಯ ಮೇಲೆ ಕಾಣಲಿಲ್ಲ. ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಜಿಲ್ಲೆಯ ಭತ್ತ ಮತ್ತು ಕಬ್ಬಿನ ಗದ್ದೆಗಳ ಜೀವನಾಡಿ. ನಿರ್ವಹಣೆಗಾಗಿ ನಿರ್ಮಿಸಿದ ಏರಿಗಳು ಕಾಲಕ್ರಮೇಣ ಊರಿಂದೂರಿಗೆ ಹೋಗುವ ರಸ್ತೆಗಳಾದವು. ಎತ್ತಿನ ಗಾಡಿಯ ವೇಗಕ್ಕೆ ಸಾಲುತ್ತಿದ್ದ ಆ ಹಾದಿಗಳಲ್ಲಿ ಇಂದು ಬಸ್ಸು, ಕಾರು ಮತ್ತು ಸರಕು ವಾಹನಗಳು ಓಡುತ್ತವೆ. ಒಂದು ಬದಿಯಲ್ಲಿ ಗದ್ದೆಯ ಇಳಿಜಾರು, ಇನ್ನೊಂದು ಬದಿಯಲ್ಲಿ ಆಳವಾದ ಹರಿಯುವ ನೀರು.

ಕನಗನಮರಡಿಯ ದುರಂತದ ನಂತರ ತಡೆಗೋಡೆಯ ಬೇಡಿಕೆ ಎದ್ದಿತು. ಆದರೂ 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರೊಂದು ನಾಲೆಗೆ ಬಿದ್ದು ನಾಲ್ವರು ಮಹಿಳೆಯರು ಮೃತಪಟ್ಟರು. ಅದೇ ವರ್ಷದ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಮತ್ತೊಂದು ಕಾರು ಬಿದ್ದು ಐವರು ಸತ್ತರು. 2025ರ ಫೆಬ್ರುವರಿಯಲ್ಲಿ ಮಂಡ್ಯ ತಾಲ್ಲೂಕಿನಲ್ಲೂ ಕಾರು ನಾಲೆಗೆ ಉರುಳಿ ಜೀವಹಾನಿಯಾಯಿತು. ಪ್ರತಿ ಬಾರಿಯೂ ಸ್ಥಳ ಬೇರೆ, ಕಾರಣದ ವಿವರ ಬೇರೆ. ಪರಿಣಾಮ ಮಾತ್ರ ಒಂದೇ: ಹಾದಿ ತಪ್ಪಿದ ವಾಹನ ನೇರವಾಗಿ ನೀರಿಗೆ ಬಿತ್ತು.

ಸಾವು ಸಂಭವಿಸಿದ ತಾಣದಲ್ಲಿ ಮಾತ್ರ ಗೋಡೆ ಕಟ್ಟುವ ಪರಿಪಾಠದ ದೋಷ ಇಲ್ಲಿ ಎದ್ದು ಕಾಣುತ್ತದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ‘ಅಪಘಾತ ಕಪ್ಪು ತಾಣ’ ಎಂದು ಗುರುತಿಸಲು ಒಂದು ಮಾನದಂಡವಿದೆ. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳ ಅವಧಿಯೊಳಗೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಆಗಿರಬೇಕು. ಹೆದ್ದಾರಿಗೆ ಇದು ಉಪಯುಕ್ತ. ಆದರೆ ಹತ್ತಾರು ಕಿಲೋಮೀಟರ್ ಉದ್ದದ ನಾಲೆಯ ಮೇಲೆ ಇಂದಿಲ್ಲಿ, ನಾಳೆ ಅಲ್ಲಿ ಸಂಭವಿಸುವ ಅಪಘಾತಗಳು ಈ ಜರಡಿಯಲ್ಲಿ ಸಿಕ್ಕುವುದೇ ಇಲ್ಲ. ತಿರುವು ಎಲ್ಲಿದೆ, ಏರಿ ಎಲ್ಲಿ ಕಿರಿದಾಗಿದೆ, ಸೇತುವೆಯ ಬಳಿ ರಸ್ತೆ ಎಲ್ಲಿ ಹಠಾತ್ತನೆ ಹೊರಳುತ್ತದೆ ಎಂಬುದನ್ನು ನೋಡಿ, ಸಾವಿಗೆ ಕಾಯದೆ ಮೊದಲೇ ತಡೆಗೋಡೆ, ಪ್ರತಿಫಲಕ ಕಂಬ ಮತ್ತು ಎಚ್ಚರಿಕೆ ಫಲಕಗಳನ್ನು ಹಾಕುವುದು ಸರಿಯಾದ ಕ್ರಮ. ರಸ್ತೆ ನಿರ್ಮಾಣದಲ್ಲಿ ಸುರಕ್ಷತಾ ಮಾನದಂಡ ಪಾಲಿಸದ ಗುತ್ತಿಗೆದಾರ ಅಥವಾ ಅಧಿಕಾರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯು ಅವಕಾಶ ಕಲ್ಪಿಸಿದೆ. ರಸ್ತೆ ಕಟ್ಟುವವನಿಗೂ ಹೊಣೆಯುಂಟು ಎಂದು ಕಾನೂನು ಒಪ್ಪಿದೆ.

ಕಬ್ಬಿನ ಗಾಡಿ ಮತ್ತು ಕತ್ತಲೆ

ಮಂಡ್ಯದ ಅರ್ಥವ್ಯವಸ್ಥೆಯ ಬೆನ್ನೆಲುಬಾದ ಕಬ್ಬು ರಸ್ತೆಯ ಮೇಲೆ ತನ್ನದೇ ಆದ ಅಪಾಯವನ್ನು ತರುತ್ತದೆ. ನುರಿಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು, ಕೆಲವೊಮ್ಮೆ ಒಂದರ ಹಿಂದೊಂದು ಎರಡು ಟ್ರೈಲರ್‌ಗಳನ್ನು ಎಳೆದುಕೊಂಡು, ಹಗಲಿರುಳೆನ್ನದೆ ಕಾರ್ಖಾನೆ ಮತ್ತು ಆಲೆಮನೆಗಳತ್ತ ಸಾಗುತ್ತವೆ. ಟ್ರೈಲರ್‌ಗಳ ಹಿಂದೆ ದೀಪವಿಲ್ಲದಿರುವುದು ಸಾಮಾನ್ಯ. ಪ್ರತಿಫಲಕ ಇದ್ದರೂ ಹೊರಚಾಚಿದ ಕಬ್ಬು ಅದನ್ನು ಮುಚ್ಚಿರುತ್ತದೆ. ರಾತ್ರಿಯ ವೇಳೆ ಹಿಂದಿನಿಂದ ಬರುವ ಬೈಕ್ ಸವಾರನಿಗೆ ಕಬ್ಬಿನ ಹೊರೆ ಕಾಣುವುದು ತೀರ ಸಮೀಪಕ್ಕೆ ಬಂದ ಮೇಲೆ. ಎದುರಿನಿಂದ ಬರುವ ವಾಹನದ ದೀಪ ಕಣ್ಣು ಕುಕ್ಕಿದರಂತೂ ಕಾಣುವುದೇ ಇಲ್ಲ. ಟೈರು ಪಂಕ್ಚರಾಗಿ ರಸ್ತೆಯಂಚಿನಲ್ಲಿ ನಿಂತ ಟ್ರೈಲರ್ ಇನ್ನೂ ಅಪಾಯಕಾರಿ.

ವಾಹನದ ಮೈಯಿಂದ ಹೊರಚಾಚಿದ ಸರಕಿಗೆ 20,000 ರೂಪಾಯಿ ದಂಡವನ್ನು 2019ರ ತಿದ್ದುಪಡಿ ನಿಗದಿ ಮಾಡಿದೆ. ಆದರೆ ಸುಗ್ಗಿಯ ಕಾಲದಲ್ಲಿ ರೈತನಿಗೆ ದಂಡ ಹಾಕುವುದು ಸುಲಭವೂ ಅಲ್ಲ, ಜಾಣತನವೂ ಅಲ್ಲ. ಸುಲಭದ ದಾರಿ ಬೇರೆಯಿದೆ. ಪ್ರತಿಯೊಂದು ಟ್ರೈಲರ್ ಕೊನೆಗೆ ಬಂದು ನಿಲ್ಲುವುದು ಕಾರ್ಖಾನೆಯ ತೂಕದ ಸೇತುವೆಯ ಮೇಲೆ ಇಲ್ಲವೇ ಆಲೆಮನೆಯ ಅಂಗಳದಲ್ಲಿ. ಹಂಗಾಮಿನ ಮೊದಲ ಫೇರಿಯಲ್ಲೇ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಹೊರೆಯ ತುದಿಗೆ ಕಟ್ಟಲು ಪ್ರತಿಫಲಕ ಬಟ್ಟೆಯೊಂದನ್ನು ಕೊಟ್ಟು, ಅದಿಲ್ಲದ ಗಾಡಿಗೆ ತೂಕದ ಚೀಟಿ ಇಲ್ಲ ಎಂಬ ನಿಯಮ ತಂದರೆ ಕೆಲಸ ಮುಗಿಯಿತು. ಒಂದು ಗಾಡಿಗೆ ತಗಲುವ ವೆಚ್ಚ ಕೆಲವು ನೂರು ರೂಪಾಯಿ. ಪೊಲೀಸರು ರಸ್ತೆಯ ಮೇಲೆ ಮಾಡಲಾಗದ ಕೆಲಸವನ್ನು ಉದ್ಯಮವು ತನ್ನ ಗೇಟಿನಲ್ಲೇ ಮಾಡಬಹುದು.

ಪೇಟೆಯೊಳಗಿನ ಅಪಾಯ

ಬೈಪಾಸ್ ಬಂದ ನಂತರ ಹಳೆಯ ರಸ್ತೆಯ ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು ಎಲ್ಲರಿಗೂ ತಿಳಿದ ಸಂಗತಿ. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಇವುಗಳನ್ನು ನಂಬಿದ್ದ ಅಂಗಡಿಗಳು ದಾರಿಹೋಕ ಗಿರಾಕಿಗಳನ್ನು ಕಳೆದುಕೊಂಡವು. ಮಂಡ್ಯದ ಹಳೆಯ ಹೆದ್ದಾರಿ ಬದಿಯ ಹೋಟೆಲುಗಳಿಗೂ ಇದರ ಬಿಸಿ ತಟ್ಟಿತು. ಈ ನಷ್ಟ ನಿಜವಾದುದು. ಆದರೆ ಇದರ ಜೊತೆಗೆ ಒಂದು ಅವಕಾಶವೂ ಒದಗಿದೆ. ದೂರ ಪ್ರಯಾಣದ ಭಾರಿ ವಾಹನಗಳ ಭರಾಟೆ ತಗ್ಗಿದ ಹಳೆಯ ರಸ್ತೆಯನ್ನು ಊರಿನ ಜನ ನಡೆದಾಡುವ, ನಿಂತು ಕೊಳ್ಳುವ ಪೇಟೆಯ ಬೀದಿಯಾಗಿ ಮತ್ತೆ ರೂಪಿಸಬಹುದು.

ಸದ್ಯಕ್ಕೆ ಸಣ್ಣ ನಗರಗಳ ಪೇಟೆ ಬೀದಿಗಳ ಸ್ಥಿತಿ ಹಾಗಿಲ್ಲ. ಪಾದಚಾರಿ ಮಾರ್ಗದ ಮೇಲೆ ಅಂಗಡಿಯ ಸರಕು, ಅದರ ಮುಂದೆ ಗಿರಾಕಿಯ ಬೈಕು, ಅದರ ಮುಂದೆ ಸರಕು ಇಳಿಸುತ್ತಿರುವ ಟೆಂಪೊ. ನಡೆಯುವವನಿಗೆ ಉಳಿಯುವುದು ಬಸ್ಸುಗಳು ಓಡುವ ಡಾಂಬರು ಮಾತ್ರ. ಮಂಡ್ಯದ ಸಂಜಯ ವೃತ್ತ, ಮಹಾವೀರ ವೃತ್ತ, ವಿ.ವಿ. ರಸ್ತೆ, ನೂರಡಿ ರಸ್ತೆಗಳಂತಹ ಜನನಿಬಿಡ ತಾಣಗಳು ಪ್ರತಿಯೊಂದು ಊರಿನಲ್ಲೂ ಇವೆ. ರಸ್ತೆ ದಾಟಲು ಹೆದರುವ ಹಿರಿಯರು, ಮಗುವಿನ ಕೈಹಿಡಿದ ತಾಯಂದಿರು ಎದುರು ಬದಿಯ ಅಂಗಡಿಗೆ ಹೋಗುವುದನ್ನೇ ಬಿಡುತ್ತಾರೆ. ಪಾದಚಾರಿ ಮಾರ್ಗ ತೆರವಾದರೆ ವ್ಯಾಪಾರ ಕೆಡುತ್ತದೆ ಎಂಬ ಭಯಕ್ಕಿಂತ, ಅದು ಮುಚ್ಚಿದ್ದರಿಂದ ಈಗಾಗಲೇ ಎಷ್ಟು ಗಿರಾಕಿಗಳು ದೂರವಾಗಿದ್ದಾರೆ ಎಂಬ ಪ್ರಶ್ನೆ ಹೆಚ್ಚು ಮುಖ್ಯ.

ಇಲ್ಲಿ ಬೀದಿ ವ್ಯಾಪಾರಿಗಳನ್ನು ದೂರುವುದು ಸುಲಭ. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಅವರಿಗೆ ತಾಣ ಗುರುತಿಸುವ ಹಾದಿಯನ್ನು ತೋರಿಸಿದೆ. ತಮ್ಮದೇ ಅಂಗಡಿಯ ಮುಂದಿನ ಮೆಟ್ಟಿಲು, ಫಲಕ ಮತ್ತು ಸರಕನ್ನು ಹಿಂದಕ್ಕೆ ಸರಿಸಿಕೊಂಡ ವರ್ತಕರಿಗೆ ಮಾತ್ರ ಇತರರನ್ನು ಕೇಳುವ ನೈತಿಕ ಹಕ್ಕು ದೊರೆಯುತ್ತದೆ. ಸರಕು ಇಳಿಸುವ ವೇಳೆಯನ್ನು ಬೆಳಗಿನ ಜಾವ ಹಾಗೂ ರಾತ್ರಿಗೆ ನಿಗದಿಪಡಿಸಿ, ಅದನ್ನು ವರ್ತಕರ ಸಂಘಗಳೇ ಒಪ್ಪಿ ಪಾಲಿಸಿದರೆ ಪೊಲೀಸರ ಬಲಪ್ರಯೋಗದ ಅಗತ್ಯ ಬೀಳದು.

ಸಂಸ್ಥೆಯ ಮಾಲೀಕನಿಗೆ ತಗಲುವ ನಷ್ಟ

ಅಪಘಾತದ ಬೆಲೆಯನ್ನು ಮೊದಲು ತೆರುವುದು ಸತ್ತವನ ಕುಟುಂಬ. ಅದಕ್ಕೆ ಯಾವ ಪರಿಹಾರವೂ ಸಾಟಿಯಲ್ಲ. ಆದರೆ ವ್ಯವಹಾರದ ಲೆಕ್ಕದಲ್ಲೂ ನಷ್ಟ ಕಡಿಮೆಯದಲ್ಲ. ಬಹುಪಾಲು ದೇಶಗಳಲ್ಲಿ ರಸ್ತೆ ಅಪಘಾತಗಳು ಒಟ್ಟು ದೇಶೀಯ ಉತ್ಪನ್ನದ ಶೇ. 3ರಷ್ಟನ್ನು ನುಂಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಲಾರಿಯೊಂದು ಅಪಘಾತಕ್ಕೀಡಾದರೆ ವಾಹನ ಠಾಣೆಯಲ್ಲಿ ನಿಲ್ಲುತ್ತದೆ, ಸರಕು ಹಾಳಾಗುತ್ತದೆ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಚಾಲಕನಿಗೆ ಸೂಕ್ತ ಪರವಾನಗಿ ಇಲ್ಲದಿದ್ದರೆ, ವಿಮಾ ಕಂಪನಿಯು ಸಂತ್ರಸ್ತರಿಗೆ ಮೊದಲು ಹಣ ಪಾವತಿಸಿ ನಂತರ ಅದನ್ನು ಮಾಲೀಕನಿಂದಲೇ ವಸೂಲು ಮಾಡುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಒಂದೇ ಪ್ರಕರಣ ಸಣ್ಣ ಸಾಗಾಣಿಕೆ ಸಂಸ್ಥೆಯನ್ನು ಮುಚ್ಚಿಸಬಲ್ಲದು.

ಅಪ್ರಾಪ್ತ ವಯಸ್ಸಿನ ಹುಡುಗನ ಕೈಗೆ ಸ್ಕೂಟರ್ ಕೊಟ್ಟು ಸರಕು ತಲುಪಿಸಲು ಕಳುಹಿಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಹಾಗೂ ಮೂರು ವರ್ಷಗಳವರೆಗಿನ ಸೆರೆವಾಸ ವಿಧಿಸಬಹುದು; ವಾಹನದ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ.

ಚಾಲಕರ ದುಡಿಮೆಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯ ಕಾಲದಿಂದಲೂ ಇದೆ. ರಾತ್ರಿ ಹೊರಟು ಬೆಳಗ್ಗೆ ಸರಕು ಇಳಿಸಿ, ವಿಶ್ರಾಂತಿಯಿಲ್ಲದೆ ಮರಳುವಂತೆ ಚಾಲಕನನ್ನು ಒತ್ತಾಯಿಸುವ ಮಾಲೀಕ ಈ ಮಿತಿಯನ್ನು ಮರೆತಿರುತ್ತಾನೆ. ಹೆದ್ದಾರಿಯಲ್ಲಿ ಒಂದು ಕ್ಷಣ ರೆಪ್ಪೆ ಮುಚ್ಚಿದರೂ ಸಾಕು. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಆ ಒಂದು ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಹೋಗಿರುತ್ತದೆ.

ಮೊದಲ ಒಂದು ಗಂಟೆ

ಅಪಘಾತವಾದ ಮೇಲೆ ಜೀವ ಉಳಿಯುವುದು ಬಹುಮಟ್ಟಿಗೆ ಮೊದಲ ಒಂದು ಗಂಟೆಯ ಚಿಕಿತ್ಸೆಯನ್ನು ಅವಲಂಬಿಸಿದೆ. ಹೆದ್ದಾರಿ ಬದಿಯ ಹೋಟೆಲ್, ಪೆಟ್ರೋಲ್ ಬಂಕ್, ಟೈರು ಅಂಗಡಿಗಳವರೇ ಗಾಯಾಳುವನ್ನು ಮೊದಲು ತಲುಪುವವರು. ಪೊಲೀಸ್ ಠಾಣೆ, ಕೋರ್ಟು ಅಲೆದಾಟದ ಭಯದಿಂದ ಅನೇಕರು ಹಿಂಜರಿಯುತ್ತಿದ್ದರು. ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್‌ನಲ್ಲಿ ಇಂತಹ ನೆರವುದಾರರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಸೇರಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಬೇಕೆಂಬ ಒತ್ತಾಯವೂ ಈಗ ಇಲ್ಲ.

2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆ ದೊರೆಯಬೇಕು. ಈ ಎರಡು ಸಂಗತಿಗಳನ್ನು ಕನ್ನಡದಲ್ಲಿ ಬರೆಸಿ ಪ್ರತಿಯೊಂದು ಹೋಟೆಲು ಮತ್ತು ಬಂಕ್‌ನಲ್ಲಿ ತೂಗುಹಾಕುವುದು ಸಂಘಗಳಿಗೆ ದೊಡ್ಡ ಖರ್ಚಿನ ಕೆಲಸವಲ್ಲ.

ವರ್ತಕ ಸಮುದಾಯ ಮಾಡಬಹುದಾದುದು

ರಸ್ತೆ ಸುರಕ್ಷತಾ ಸಪ್ತಾಹದ ದಿನ ಫಲಕ ಹಿಡಿದು ಮೆರವಣಿಗೆ ಹೋಗುವುದರಿಂದ ಸಾವು ಇಳಿಯದು. ವಾಣಿಜ್ಯ ಸಂಸ್ಥೆಗಳು ತಮ್ಮ ಕೈಯಳತೆಯಲ್ಲೇ ಇರುವ ಈ ಕೆಲಸಗಳನ್ನು ಕೈಗೆತ್ತಿಕೊಳ್ಳಬಹುದು.

ಮೊದಲನೆಯದಾಗಿ, ದ್ವಿಚಕ್ರ ವಾಹನದಲ್ಲಿ ಬರುವ ಪ್ರತಿಯೊಬ್ಬ ನೌಕರನಿಗೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಕಡ್ಡಾಯ ಎಂಬ ನಿಯಮವನ್ನು ಸಂಸ್ಥೆಯ ಗೇಟಿನಲ್ಲೇ ಜಾರಿಗೊಳಿಸಬೇಕು. ರಾಜ್ಯದಲ್ಲಿ ಹಿಂಬದಿ ಸವಾರರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯವಾಗಿದೆ. ಬೋನಸ್ ಹಂಚುವ ಹಬ್ಬದಂದು ಸಿಹಿಯ ಜೊತೆಗೊಂದು ಹೆಲ್ಮೆಟ್ ಕೊಟ್ಟರೆ ಅದು ವ್ಯರ್ಥ ವೆಚ್ಚವಾಗದು.

ಎರಡನೆಯದಾಗಿ, ತಮ್ಮ ಸರಕು ಸಾಗಿಸುವ ವಾಹನ ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಹಿಂಬದಿ ದೀಪ, ಪ್ರತಿಫಲಕ ಪಟ್ಟಿ, ಟೈರು ಮತ್ತು ಚಾಲಕನ ಪರವಾನಗಿಯನ್ನು ಸರಕು ತುಂಬುವ ಮೊದಲು ಪರಿಶೀಲಿಸುವ ಚೀಟಿಯೊಂದನ್ನು ಇಡಬೇಕು. ಸಾಗಾಣಿಕೆ ಒಪ್ಪಂದದಲ್ಲಿ ತಲುಪುವ ಸಮಯವನ್ನು ನ್ಯಾಯವಾದ ವೇಗಕ್ಕೆ ತಕ್ಕಂತೆ ನಿಗದಿ ಮಾಡಬೇಕು. ಬೇಗ ತಲುಪಿದವನಿಗೆ ಬಹುಮಾನ ಕೊಡುವ ಮಾಲೀಕನೇ ವೇಗಕ್ಕೆ ಪ್ರೇರಕ.

ಮೂರನೆಯದಾಗಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದೆ ಸಂಘಗಳು ವಿವರಗಳೊಂದಿಗೆ ಹೋಗಬೇಕು. ಯಾವ ವೃತ್ತದಲ್ಲಿ, ಯಾವ ವೇಳೆಯಲ್ಲಿ, ಎಂತಹ ವಾಹನಗಳ ನಡುವೆ ಅಪಘಾತವಾಯಿತು ಎಂಬುದನ್ನು ಪೇಟೆಯವರಷ್ಟು ಹತ್ತಿರದಿಂದ ಬಲ್ಲವರು ಬೇರಿಲ್ಲ. ಸತ್ತ ಅಪಘಾತಗಳನ್ನಷ್ಟೇ ಅಲ್ಲ, ಕೂದಲೆಳೆಯಲ್ಲಿ ತಪ್ಪಿದವುಗಳನ್ನೂ ಬರೆದಿಟ್ಟ ಒಂದು ಪುಸ್ತಕ ನೂರು ಮನವಿ ಪತ್ರಗಳಿಗಿಂತ ಮಿಗಿಲು. ನಾಲೆ ಏರಿಯ ತಡೆಗೋಡೆ, ಸರ್ವಿಸ್ ರಸ್ತೆಯ ಕಡಿದುಹೋದ ಭಾಗ, ಪಾದಚಾರಿ ಮೇಲ್ಸೇತುವೆ ಇವುಗಳ ಬೇಡಿಕೆಯನ್ನು ಪ್ರತಿ ಸಭೆಯಲ್ಲೂ ಮುಂದಿಟ್ಟು, ಹಿಂದಿನ ಸಭೆಯ ನಿರ್ಣಯ ಏನಾಯಿತು ಎಂದು ಕೇಳುತ್ತಿರಬೇಕು.

ನಾಲ್ಕನೆಯದಾಗಿ, ವೇಗ ಮಿತಿ, ಕ್ಯಾಮೆರಾ ದಂಡ, ವಾಹನ ನಿಲುಗಡೆ ನಿಯಮಗಳು ಬಂದಾಗ ತಕ್ಷಣ ವಿರೋಧಿಸುವ ರೂಢಿಯನ್ನು ಬಿಡಬೇಕು. ಅನನುಕೂಲವಿದ್ದರೆ ಬದಲಿ ವ್ಯವಸ್ಥೆ ಕೇಳುವುದು ನ್ಯಾಯ. ಟ್ರ್ಯಾಕ್ಟರಿಗೆ ಸುಸಜ್ಜಿತ ಸರ್ವಿಸ್ ರಸ್ತೆ ಕೇಳಬೇಕೇ ಹೊರತು ನೂರು ಕಿಲೋಮೀಟರ್ ವೇಗದ ಪಥದಲ್ಲಿ ಜಾಗವನ್ನಲ್ಲ.

ಮಂಡ್ಯದ ಅನುಭವವು ಎರಡು ಸಂಗತಿಗಳನ್ನು ಒಟ್ಟಿಗೆ ತೋರಿಸಿಕೊಟ್ಟಿದೆ. ಮನಸ್ಸು ಮಾಡಿದರೆ ಒಂದೇ ತಿಂಗಳಲ್ಲಿ ಸಾವು 28ರಿಂದ 8ಕ್ಕೆ ಇಳಿಯಬಲ್ಲದು. ಮನಸ್ಸು ಮಾಡದಿದ್ದರೆ ಐದು ವರ್ಷ ಕಳೆದರೂ ಅದೇ ನಾಲೆಗೆ ಅದೇ ರೀತಿ ವಾಹನ ಉರುಳಬಲ್ಲದು. ಹೆದ್ದಾರಿಯಲ್ಲಿ ಸರ್ಕಾರ ಕ್ಯಾಮೆರಾ ಹಾಕಿತು. ಆದರೆ ಅಂಗಡಿಯ ಮುಂದಿನ ಕಾಲುದಾರಿ, ಗೋದಾಮಿನ ಬಾಗಿಲಿನಲ್ಲಿ ನಿಂತ ಲಾರಿ, ಕಾರ್ಖಾನೆಗೆ ಬರುವ ಕಬ್ಬಿನ ಗಾಡಿ, ಸಂಜೆ ಮನೆಗೆ ಮರಳುವ ನೌಕರನ ತಲೆಯ ಮೇಲಿನ ಹೆಲ್ಮೆಟ್ ಇವು ಸರ್ಕಾರದ ಕೈಗಿಂತ ವರ್ತಕರ ಕೈಗೇ ಹತ್ತಿರ. ಬೆಳಗ್ಗೆ ಅಂಗಡಿಯ ಬಾಗಿಲು ತೆರೆದ ಕೈಗಳೆಲ್ಲವೂ ಸಂಜೆ ಸುರಕ್ಷಿತವಾಗಿ ಮನೆ ಸೇರಿದರೆ, ಆ ದಿನದ ವ್ಯಾಪಾರ ಲಾಭದಲ್ಲಿ ಮುಗಿದಂತೆ.